ಮೇಣದ ಹೊಳಪು, ಮನಸ್ಸಿನ ತುಕ್ಕು

ಹದಿನಾಲ್ಕು ವರ್ಷ ನಮ್ಮ ಮನೆಯವರಲ್ಲಿ ಒಬ್ಬನಂತಿದ್ದ ಕೆಂಪು ಮಾರುತಿ 800 ಕಾರನ್ನು ಮಾರಬೇಕಾಗಿ ಬಂತು. ಮಗಳ ನರ್ಸಿಂಗ್ ಕಾಲೇಜಿನ ಶುಲ್ಕ ಕಟ್ಟಲು ಬೇರೆ ದಾರಿಯಿರಲಿಲ್ಲ. ಮಲೆನಾಡಿನ ಮಳೆ, ಬೇಸಿಗೆಯ ಬಿಸಿಲು, ಹಕ್ಕಿಗಳ ಹಿಕ್ಕೆ, ಅಂಗಳದ ಮರದ ಅಂಟು ಎಲ್ಲವನ್ನೂ ಸಹಿಸಿದ್ದ ಅದರ ಮೈ ಮಂಕಾಗಿತ್ತು. ಮಾರುವ ಮುಂಚೆ ಒಮ್ಮೆ ವ್ಯಾಕ್ಸ್ ಮಾಡಿಸೋಣವೆಂದು ಪರಿಚಯದ ಹಿರಿಯ ಪೇಂಟರ್ ಒಬ್ಬರ ಬಳಿ ಒಯ್ದೆ.

ಅವರು ಮೊದಲು ಕಾರನ್ನು ತೊಳೆದು ನೆರಳಿನಲ್ಲಿ ಒಣಗಿಸಿದರು. ಬಳಿಕ ಪಾಲಿಶ್ ಹಚ್ಚಿ ತಿಕ್ಕಿದರು. ಬಟ್ಟೆಯೆಲ್ಲ ಕೆಂಪಾಯಿತು. "ಇದು ಕೊಳೆಯಲ್ಲ ಸಾರ್, ಬಣ್ಣವೇ. ಪಾಲಿಶ್ ಅಂದರೆ ಮೇಲಿನ ಸತ್ತ ಬಣ್ಣ ಸವೆಸುವುದು. ಮೇಲಿಂದ ಮೇಲೆ ಮಾಡಿದರೆ ಬಣ್ಣವೇ ಉಳಿಯುವುದಿಲ್ಲ" ಎಂದರು. ನಿಜವೇ. ಕಾರಿನ ಮೈಮೇಲಿನ ಬಣ್ಣದ ಪದರಗಳೆಲ್ಲ ಸೇರಿದರೂ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ ದಪ್ಪ.

ಮೇಣದ ಕೆಲಸವೇ ಬೇರೆ. ಬಣ್ಣದ ಬದಲು ಅದು ತಾನೇ ಸವೆಯುತ್ತದೆ. ಕಾರಿನ ವ್ಯಾಕ್ಸ್‌ನಲ್ಲಿ ಹೆಸರಾದ ಕಾರ್ನೌಬಾ ಮೇಣ ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಂದು ಜಾತಿಯ ತಾಳೆಯ ಎಲೆಯಿಂದ ಬರುತ್ತದೆ. ಆ ಒಣನಾಡಿನಲ್ಲಿ ಎಲೆಯ ನೀರು ಆರಿಹೋಗದಂತೆ ಕಾಯಲು ಮರವೇ ಅದನ್ನು ಹೊರಸೂಸುತ್ತದೆ. ಬಲಿಪೀಠದ ಮೇಲೆ ಉರಿಯುವ ಜೇನುಮೇಣ ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗಿದರೆ, ಇದು ಕರಗಲು 80 ಡಿಗ್ರಿಗೂ ಹೆಚ್ಚು ಬೇಕು.

ಒಮ್ಮೆಗೇ ದಪ್ಪವಾಗಿ ಬಳಿಯಿರಿ ಎಂದೆ. ಪೇಂಟರ್ ನಕ್ಕರು. ದಪ್ಪಗೆ ಬಳಿದದ್ದು ಸರಿಯಾಗಿ ಒಣಗದು, ಒರೆಸುವಾಗ ಬಹುಪಾಲು ಬಟ್ಟೆಗೇ ಬರುತ್ತದಂತೆ. ಕಣ್ಣಿಗೆ ಕಂಡೂ ಕಾಣದಷ್ಟು ತೆಳ್ಳಗೆ ಹಚ್ಚಿ, ಮಂಜು ಕವಿದಂತಾದ ಮೇಲೆ ಒರೆಸಿ, ಒಂದು ರಾತ್ರಿ ಬಿಟ್ಟರು. ಮರುದಿನ ಎರಡನೆಯ ಪದರ. ಮೊದಲ ಸಲ ಕೈತಪ್ಪಿದ ಜಾಗವನ್ನು ಅದು ತುಂಬುತ್ತದೆ. ಅದಕ್ಕಿಂತ ಹೆಚ್ಚು ಹಚ್ಚಿದರೆ ಲಾಭ ಕಡಿಮೆ. ಹೊಸ ಮೇಣದಲ್ಲಿರುವ ದ್ರಾವಕ ಹಳೆಯದನ್ನೂ ಮೆದುಮಾಡಿ ಎಬ್ಬಿಸುತ್ತದೆ. ಮಳೆಗಾಲ ಬಂದರೆ ಕೆಲವು ವಾರಗಳಲ್ಲಿ ಮತ್ತೆ ಹಚ್ಚಲೇಬೇಕು.

ಕಾರು ಹೊಳೆಯಿತು. ಆದರೆ ಬಾಗಿಲ ಕೆಳಗಿನ ಪಟ್ಟಿಯಲ್ಲಿ ಅಂಗೈಯಗಲ ಗುಳ್ಳೆಯೆದ್ದಿತ್ತು. "ಒಳಗೆ ತುಕ್ಕು ತಿಂದಿದೆ. ಇದಕ್ಕೆ ಮೇಣದ ಮದ್ದಿಲ್ಲ. ತಗಡು ಕತ್ತರಿಸಿ ಹೊಸದು ಬೆಸೆಯಬೇಕು" ಎಂದರು ಪೇಂಟರ್. ಜೊತೆಗಿದ್ದ ಬ್ರೋಕರ್ ಬೇರೆಯೇ ದಾರಿ ತೋರಿಸಿದ: "ಕೆರೆದು ಪುಟ್ಟಿ ತುಂಬಿ, ಬಣ್ಣ ಹೊಡೆದು, ಮೇಲೆ ಎರಡು ಕೋಟು ವ್ಯಾಕ್ಸ್ ಎಳೆಯಿರಿ. ಎಪ್ಪತ್ತು ಸಾವಿರಕ್ಕೆ ಹೋಗುತ್ತದೆ. ಅವರಾಗಿ ಕೇಳಿದರೆ ಹೇಳಿದರಾಯಿತು."

ಅಂದು ರಾತ್ರಿ ಮನೆಯಲ್ಲಿ ಇದೇ ಮಾತು. "ಎಲ್ಲರೂ ಮಾಡುವುದೇ ಅಲ್ಲವೇನ್ರೀ? ನಾವೇನು ಸುಳ್ಳು ಹೇಳುತ್ತಿದ್ದೇವೆಯೇ?" ಎಂದಳು ನನ್ನ ಮಡದಿ. ನನ್ನ ಮನಸ್ಸೂ ಅತ್ತಲೇ ವಾಲಿತ್ತು.

ಪ್ರಿಯ ಓದುಗರೇ, ಹೊಳಪು ಕೊಡುವುದು ತಪ್ಪಲ್ಲವಾದರೆ, ತುಕ್ಕು ಮುಚ್ಚುವುದು ಹೇಗೆ ತಪ್ಪಾಯಿತು? ಇದು ಹಳೆಯ ಪ್ರಶ್ನೆ. 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ಥಿಯೋಲಾಜಿಕಾ' ಗ್ರಂಥದಲ್ಲಿ, ಮಾರುವವನು ವಸ್ತುವಿನ ದೋಷವನ್ನು ಹೇಳಬೇಕೇ ಎಂದು ನೇರವಾಗಿ ಕೇಳಿಕೊಂಡಿದ್ದಾರೆ. ಒಕ್ಕಣ್ಣಿನ ಕುದುರೆಯ ಕೊರತೆ ಎಲ್ಲರಿಗೂ ಕಾಣುತ್ತದೆ. ಅದಕ್ಕೆ ತಕ್ಕಂತೆ ಬೆಲೆ ಇಳಿಸಿದರೆ ಬಾಯಿಬಿಟ್ಟು ಹೇಳಬೇಕೆಂದಿಲ್ಲ. ಆದರೆ ದೋಷ ಅಡಗಿದ್ದು, ಕೊಳ್ಳುವವನಿಗೆ ನಷ್ಟವೋ ಅಪಾಯವೋ ಆಗುವಂತಿದ್ದರೆ ಹೇಳಲೇಬೇಕು ಎನ್ನುತ್ತಾರೆ. ಹಾಗೆಂದು ಡಂಗುರ ಹೊಡೆಸಬೇಕಾಗಿಲ್ಲ. ಕೊಳ್ಳಲು ಬಂದವನಿಗೆ ಹೇಳಿದರೆ ಸಾಕು. ಎಷ್ಟು ನ್ಯಾಯವಾದ ಅಳತೆ!

ಈ ಅಳತೆಗೋಲಿನಲ್ಲಿ ನೋಡಿದರೆ ಮೇಣ ನಿರ್ದೋಷಿ. ಅದು ಇರುವ ಬಣ್ಣವನ್ನು ಕಾಯುತ್ತದೆ, ಇರುವುದನ್ನೇ ತೋರಿಸುತ್ತದೆ. ತುಕ್ಕಿನ ಮೇಲಿನ ಪುಟ್ಟಿ ಇಲ್ಲದ ತಗಡನ್ನು ಇದೆಯೆಂದು ತೋರಿಸುತ್ತದೆ. ಅದರ ಮೇಲೆ ಎಳೆದ ಮೇಣವೂ ಆಗ ಆ ಸುಳ್ಳಿಗೆ ಸಾಕ್ಷಿಯಾಗುತ್ತದೆ. ನಾಲಿಗೆ ಸುಮ್ಮನಿದ್ದರೂ ಕೈ ಸುಳ್ಳು ಹೇಳಿರುತ್ತದೆ.

ನಾವು ಹೀಗೆ ತೂಗುತ್ತಿದ್ದಾಗ ಒಳಗಿನಿಂದ ಮಗಳು ಬಂದಳು. "ಅಪ್ಪಾ, ಇದೆಲ್ಲ ನನ್ನ ಫೀಸಿಗಾಗಿ ತಾನೇ? ಗಾಯ ತೊಳೆಯದೆ ಮೇಲೆ ಬ್ಯಾಂಡೇಜ್ ಕಟ್ಟಬಾರದು ಅಂತ ನಾನು ಅಲ್ಲಿ ಕಲಿಯಬೇಕು. ನೀವು ಇಲ್ಲಿ ಅದನ್ನೇ ಮಾಡಿ ದುಡ್ಡು ಕಳಿಸುತ್ತೀರಾ?" ಎಂದಳು. ಇಬ್ಬರೂ ತಲೆ ತಗ್ಗಿಸಿದೆವು.

ಕೊಳ್ಳಲು ಬಂದ ಯುವಕನಿಗೆ ಗುಳ್ಳೆಯನ್ನು ಮುಟ್ಟಿಸಿಯೇ ತೋರಿಸಿದೆ. ಆತ ಹೊಗಳಲಿಲ್ಲ, ಬೆಲೆ ಇಳಿಸಿದ. ಕಾರು 58,000 ರೂಪಾಯಿಗೆ ಹೋಯಿತು. ಕಡಿಮೆ ಬಿದ್ದ 12,000ಕ್ಕೆ ಸಹಕಾರ ಸಂಘದಲ್ಲಿ ಸಾಲ ಮಾಡಿದೆವು. ಸತ್ಯಕ್ಕೆ ಬೆಲೆಯಿದೆ ಎನ್ನುತ್ತೇವಲ್ಲ, ಆ ಬೆಲೆಯನ್ನು ಕಂತಿನಲ್ಲಿ ಕಟ್ಟಿದ ಅನುಭವ ನಮ್ಮದು.

ಕಾರಿನ ಮಾತು ಹಾಗಿರಲಿ. ಮದುವೆಯ ಮಾತುಕತೆಯಲ್ಲಿ ನಾವೇನು ಮಾಡುತ್ತೇವೆ? ಹುಡುಗನ ಕುಡಿತ, ತಲೆಯ ಮೇಲಿನ ಸಾಲ ಇವುಗಳ ಮೇಲೆ ಪುಟ್ಟಿ ಮೆತ್ತಿ, ಸೂಟು ಬೂಟಿನ ಮೇಣ ಎಳೆದು, "ಮದುವೆಯಾದ ಮೇಲೆ ಸರಿಹೋಗುತ್ತಾನೆ" ಎನ್ನುವುದಿಲ್ಲವೇ? ಅಡಚಣೆಯಿದ್ದರೆ ಬಲ್ಲವರು ತಿಳಿಸಲಿ ಎಂದೇ ದೇವಾಲಯದಲ್ಲಿ ಮದುವೆಯ ಪ್ರಕಟಣೆ ಓದುತ್ತಾರೆ. ಇಂಥ ಚಟವನ್ನು ಊರಿಗೆಲ್ಲ ಸಾರಬೇಕಾಗಿಲ್ಲ. ಆದರೆ ಅವನೊಡನೆ ಬಾಳಬೇಕಾದ ಹುಡುಗಿಗೆ ತಿಳಿಯಬೇಡವೇ? ಆಕೆಯ ನಷ್ಟ ಹನ್ನೆರಡು ಸಾವಿರದ್ದಲ್ಲ, ಇಡೀ ಬಾಳಿನದು.

ಆ ಕೆಂಪು ಕಾರು ಈಗಲೂ ಪೇಟೆಯಲ್ಲಿ ಎದುರಾಗುತ್ತದೆ. ಬಾಗಿಲ ಕೆಳಗೆ ಬೆಸೆದ ಹೊಸ ಪಟ್ಟಿಯ ಬಣ್ಣ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಯುವಕ ಕೈಯೆತ್ತುತ್ತಾನೆ, ನಾನೂ ಎತ್ತುತ್ತೇನೆ. ಮುಖ ತಿರುಗಿಸಿಕೊಂಡು ಬೇರೆ ಬೀದಿ ಹಿಡಿಯುವ ಅಗತ್ಯ ನನಗೆ ಬಿದ್ದಿಲ್ಲ.