ಕಪ್ಪಾದರೂ ಲಕ್ಷಣ

ಜಯನಗರ ನಾಲ್ಕನೆಯ ಬ್ಲಾಕಿನಿಂದ ಬನಶಂಕರಿಯ ಕಡೆಗೋ, ಜೆ.ಪಿ. ನಗರದಿಂದ ಬಿ.ಟಿ.ಎಂ. ಬಡಾವಣೆಯ ಕಡೆಗೋ ಬಸ್ಸಿನಲ್ಲಿ ಹೊರಟವರು ಕಿಟಕಿಯಾಚೆ ನೋಡಿದರೆ ಚರ್ಮದ ಆರೈಕೆಯ ಫಲಕಗಳು ಒಂದರ ಹಿಂದೊಂದು ಕಾಣಿಸುತ್ತವೆ. ಮೊಡವೆಯ ಕಲೆಗೆ ಲೇಸರ್, ಮುಖಕ್ಕೆ ಕೆಮಿಕಲ್ ಪೀಲ್, ಉದುರುವ ಕೂದಲಿಗೆ ಮತ್ತೇನೋ. ಇದನ್ನೆಲ್ಲ ಕಂಡು ಬರಿಯ ಆಡಂಬರವೆಂದು ಮೂಗು ಮುರಿಯುವುದು ಸುಲಭ, ಆದರೆ ನ್ಯಾಯವಲ್ಲ. ಚರ್ಮವೂ ದೇಹದ ಒಂದು ಅಂಗ. ಹಲ್ಲಿಗೆ, ಕಣ್ಣಿಗೆ ವೈದ್ಯರಿರುವಂತೆ ಅದಕ್ಕೂ ಇದ್ದಾರೆ. ಮೊಡವೆಯ ಸಂಕೋಚದಿಂದ ತಲೆ ತಗ್ಗಿಸಿಯೇ ನಡೆಯುವ ಹದಿನಾರರ ಹುಡುಗ, ಹೆರಿಗೆಯ ನಂತರ ಕೆನ್ನೆಯ ಮೇಲೆ ಬಂಗು ಮೂಡಿದ ತಾಯಿ ವೈದ್ಯರ ಬಳಿಗೆ ಹೋಗುವುದರಲ್ಲಿ ತಪ್ಪೇನಿದೆ?

ದಿನನಿತ್ಯದ ಆರೈಕೆಗಾಗಿ ಚರ್ಮವೈದ್ಯರು ಹೇಳುವ ಮಾತುಗಳಂತೂ ತೀರ ಸಾಧಾರಣವಾದವು. ದಿನಕ್ಕೆರಡು ಸಲ ಸೌಮ್ಯವಾದ ಸಾಬೂನಿನಿಂದ ಮುಖ ತೊಳೆಯಿರಿ, ಗಸಗಸ ಉಜ್ಜಬೇಡಿ. ಸ್ನಾನವಾದೊಡನೆ, ಮೈಯಲ್ಲಿ ಇನ್ನೂ ತುಸು ತೇವವಿರುವಾಗಲೇ ಮಾಯಿಶ್ಚರೈಸರ್ ಹಚ್ಚಿರಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಮೀಯುವವರಿಗೆ ಇದು ಇನ್ನಷ್ಟು ಅಗತ್ಯ. ಬಿಸಿಲಿಗೆ ಹೋಗುವಾಗ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಬಳಸಿರಿ, ಹೊರಗೇ ಇರುವುದಾದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿರಿ. ಬೆಂಗಳೂರಿನ ತಂಪು ಹವೆಯನ್ನು ನಂಬುವಂತಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಸೆಕೆ ಕಡಿಮೆಯಿರಬಹುದು, ನೇರಳಾತೀತ ಕಿರಣಗಳು ಕಡಿಮೆಯಿಲ್ಲ. ಈ ಯಾವ ಸಲಹೆಯೂ ಹುಟ್ಟಿನಿಂದ ಬಂದ ಮೈಬಣ್ಣವನ್ನು ಬದಲಿಸುವುದಿಲ್ಲ. ಅನೇಕರಿಗೆ ನಿರಾಸೆಯಾಗುವುದು ಇಲ್ಲಿಯೇ. ಅವರು ಬಂದದ್ದು 'ಕಲರ್ ಬರಲಿ' ಎಂದು.

ಈ ಬಯಕೆ ಎಲ್ಲಿಂದ ಬಂತು? ಮನುಷ್ಯರ ಚರ್ಮದಲ್ಲಿ ಬಣ್ಣವನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಬಿಳಿಯರಲ್ಲಿಯೂ ಕರಿಯರಲ್ಲಿಯೂ ಹೆಚ್ಚುಕಡಿಮೆ ಒಂದೇ. ಆ ಕೋಶಗಳು ಎಷ್ಟು ಮೆಲನಿನ್ ಉತ್ಪಾದಿಸುತ್ತವೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಮೆಲನಿನ್ ಬಿಸಿಲಿನಿಂದ ನಮ್ಮನ್ನು ಕಾಯುವ ಕೊಡೆ. ಆ ಕೊಡೆಗಾಗಿ ಯಾವ ಮಗುವೂ ತಾನಾಗಿ ನಾಚುವುದಿಲ್ಲ. ನಾಚಿಕೆಯನ್ನು ಕಲಿಸುವವರು ನಾವು. ಬಾಣಂತಿಯ ಕೋಣೆಯಲ್ಲಿಯೇ 'ಮಗು ಯಾರ ಬಣ್ಣ?' ಎಂದು ಕೇಳುತ್ತೇವೆ. ಹೆಣ್ಣು ನೋಡಿ ಬಂದ ಹಿರಿಯರು 'ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ' ಎನ್ನುತ್ತಾರೆ. ಹೊಗಳಿಕೆಯೆಂದೇ ಹೇಳಿದ ಮಾತು ಅದು. ಆದರೆ ಪ್ರಿಯ ಓದುಗರೇ, ಆ 'ಆದರೂ' ಎಂಬ ಪದವನ್ನು ಸ್ವಲ್ಪ ತೂಗಿ ನೋಡಿ. ಕಪ್ಪು ಒಂದು ಕೊರತೆ, ಲಕ್ಷಣ ಅದಕ್ಕೆ ದೊರೆತ ಪರಿಹಾರ ಎಂಬ ತೀರ್ಪು ಅದರೊಳಗಿದೆ. ಬಾಗಿಲ ಮರೆಯಲ್ಲಿ ನಿಂತ ಹುಡುಗಿಗೆ ಕೇಳಿಸುವುದು ಆ ತೀರ್ಪೇ.

ಪವಿತ್ರ ಗ್ರಂಥದ ಪರಮಗೀತೆಗೂ ಈ 'ಆದರೂ' ನುಸುಳಿದ ಕಥೆಯಿದೆ. ಮೊದಲನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟ ಕಾಯುತ್ತ ಬಿಸಿಲಿಗೆ ಕಂದಿದ ಯುವತಿಯೊಬ್ಬಳು ಜೆರುಸಲೇಮಿನ ಸ್ತ್ರೀಯರ ಮುಂದೆ ತನ್ನ ಕಪ್ಪನ್ನೂ ಚೆಲುವನ್ನೂ ಒಟ್ಟಿಗೆ ಹೇಳಿಕೊಳ್ಳುತ್ತಾಳೆ. ಹೀಬ್ರೂ ಮೂಲದಲ್ಲಿ ಆ ಎರಡನ್ನು ಜೋಡಿಸುವ ಪುಟ್ಟ ಅಕ್ಷರಕ್ಕೆ 'ಮತ್ತು' ಎಂದೂ 'ಆದರೆ' ಎಂದೂ ಅರ್ಥ ಹೇಳಬಹುದು. ಪ್ರಾಚೀನ ಗ್ರೀಕ್ ಅನುವಾದ 'ಮತ್ತು' ಎಂದಿತು. ಲ್ಯಾಟಿನ್ ವುಲ್ಗಾತ 'ಆದರೆ' ಎಂದಿತು. ಮುಂದೆ ಪಾಶ್ಚಾತ್ಯ ಭಾಷೆಗಳ ಅನೇಕ ಅನುವಾದಗಳು ಅದೇ ಜಾಡು ಹಿಡಿದವು. 1989ರ ಪರಿಷ್ಕೃತ ಇಂಗ್ಲಿಷ್ ಬೈಬಲ್ ಮತ್ತೆ 'ಮತ್ತು' ಎಂಬುದಕ್ಕೆ ಮರಳಿತು. ಆ ಯುವತಿ ಕ್ಷಮೆ ಕೇಳುತ್ತಿದ್ದಳೋ, ಹೆಮ್ಮೆಯಿಂದ ನುಡಿಯುತ್ತಿದ್ದಳೋ ಎಂಬುದೆಲ್ಲ ಆ ಒಂದು ಅಕ್ಷರದ ಮೇಲೆ ನಿಂತಿದೆ. ಹೆಮ್ಮೆಯೆಂದೇ ನನ್ನ ಓದು.

ನಮ್ಮ ಮನೆಯ 'ಆದರೂ' ವ್ಯಾಪಾರಿಗಳಿಗೆ ಬಹಳ ಹಿಂದೆಯೇ ಕೇಳಿಸಿತು. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಅದೇ ವರ್ಷ ವಿವಾಹ ಜಾಲತಾಣವೊಂದು ಮೈಬಣ್ಣದಿಂದ ವಧುವರರನ್ನು ಸೋಸುವ ಸೌಲಭ್ಯವನ್ನು ತೆಗೆದುಹಾಕಿತು. ಹೆಸರು ಬದಲಾಯಿತು, ನಮ್ಮ ಜಾಹೀರಾತುಗಳ 'ಗೋಧಿ ಮೈಬಣ್ಣ', 'ಎಣ್ಣೆಗೆಂಪು' ಹಾಗೆಯೇ ಉಳಿದಿವೆ.

ಬರಿಯ ಮಾತಿನ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಮದುವೆಗೆ ಎರಡು ತಿಂಗಳಿರುವಾಗ ಹುಡುಗಿಯ ಕೈಗೆ ಯಾರೋ ಒಂದು ಟ್ಯೂಬು ಕೊಡುತ್ತಾರೆ. ಅತ್ತಿಗೆ ಇರಬಹುದು, ಗೆಳತಿ ಇರಬಹುದು, ಪಾರ್ಲರಿನವರು ಅಥವಾ ಔಷಧದಂಗಡಿಯವರು ಇರಬಹುದು. ಎರಡು ವಾರಗಳಲ್ಲಿ ಮುಖ ತಿಳಿಯಾಗುತ್ತದೆ, ಎಲ್ಲರಿಗೂ ಸಂತೋಷ. ಅಂಥ ಟ್ಯೂಬುಗಳಲ್ಲಿ ಬೀಟಾಮೆಥಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಮುಂತಾದ ಸ್ಟೀರಾಯ್ಡ್ ಇರುವುದುಂಟು. ಇಸುಬಿನಂಥ ಕಾಯಿಲೆಗೆ, ವೈದ್ಯರು ಹೇಳಿದಷ್ಟು ದಿನ ಬಳಸಿದರೆ ಅದು ಒಳ್ಳೆಯ ಔಷಧವೇ. ಮುಖಕ್ಕೆ ತಿಂಗಳುಗಟ್ಟಲೆ ಬಳಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಕೆಂಪು ದಾರದಂತೆ ಕಾಣತೊಡಗುತ್ತವೆ, ಮೊಡವೆಗಳೂ ಬೇಡದ ಕೂದಲೂ ಮೂಡುತ್ತವೆ. ಹಚ್ಚುವುದನ್ನು ಬಿಟ್ಟರೆ ಮುಖ ಕೆಂಪೇರಿ ಉರಿಯುತ್ತದೆ. ಉರಿ ತಾಳಲಾರದೆ ಅವಳು ಮತ್ತೆ ಅದೇ ಟ್ಯೂಬಿಗೆ ಕೈ ಚಾಚುತ್ತಾಳೆ. ಬಡ್ಡಿ ತೀರಿಸಲು ಮತ್ತೆ ಸಾಲ ಮಾಡಿದಂತೆ. ಇಂಥ ಮುಖಗಳನ್ನು ಕಂಡು ಕಂಡು ಭಾರತದ ಚರ್ಮವೈದ್ಯರು 2008ರಲ್ಲಿ ಈ ಸ್ಥಿತಿಗೆ 'ಸ್ಟೀರಾಯ್ಡ್‌ನಿಂದ ಹಾಳಾದ ಮುಖ' ಎಂಬ ಅರ್ಥದ ಹೆಸರನ್ನೇ ಇಟ್ಟರು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿರ್ಬಂಧಿಸಿತು. ಪಾದರಸ ಬೆರೆತ ಬಿಳುಪಿನ ಕ್ರೀಮುಗಳದು ಇನ್ನೊಂದು ಅಪಾಯ: ಕೇರಳದ ಕೋಟ್ಟಕ್ಕಲ್‌ನ ವೈದ್ಯರು 2023ರಲ್ಲಿ ಅವುಗಳಿಗೂ ಮೂತ್ರಪಿಂಡದ ಕಾಯಿಲೆಗೂ ಇರುವ ನಂಟನ್ನು ತೋರಿಸಿದರು.

ಹಾಗಾದರೆ ಹಾಳಾದ ಆ ಮುಖಕ್ಕೆ ಹೊಣೆ ಯಾರು? ಅಂಗಡಿಯವನ ತಪ್ಪು ಕಾನೂನಿನ ಪುಸ್ತಕದಲ್ಲಿದೆ. ತಯಾರಕರ ತಪ್ಪನ್ನು ಸರ್ಕಾರ ನೋಡಿಕೊಳ್ಳಲಿ. ಪ್ರೀತಿಯಿಂದಲೇ ಟ್ಯೂಬು ಕೊಟ್ಟ ಅತ್ತಿಗೆ ಕೇಡು ಬಯಸಿದವಳಲ್ಲ. ಇರುವ ಬಣ್ಣ ಸಾಲದೆಂದು ಮೊದಲೇ ತೀರ್ಮಾನಿಸಿದ್ದ ಕುಟುಂಬದ ಪರವಾಗಿ ನಡೆದುಕೊಂಡವಳು, ಅಷ್ಟೆ. ವರನ ಕಡೆಯವರ ಒಪ್ಪಿಗೆಗಾಗಿ ಮಗಳ ಚರ್ಮವನ್ನು ಪಣಕ್ಕಿಟ್ಟವರು ಅವಳೊಬ್ಬಳಲ್ಲ. 'ಅವಳೇ ಕೇಳಿದಳು' ಎಂಬ ಉತ್ತರವೂ ನಿಲ್ಲದು. ಇಪ್ಪತ್ತು ವರ್ಷ ಅವಳ ಕಿವಿಗೆ ಬಿದ್ದದ್ದನ್ನೇ ಅವಳು ಕೇಳಿದಳು.

ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಟ್ಯೂಬನ್ನು ಬಹುಕಾಲದಿಂದ ಹಚ್ಚುತ್ತಿದ್ದರೆ ತಾವಾಗಿ ಒಮ್ಮೆಲೇ ನಿಲ್ಲಿಸುವ ಬದಲು ಮೊದಲು ಚರ್ಮವೈದ್ಯರನ್ನು ಕಾಣಲಿ. ಬಿ.ಟಿ.ಎಂ. ಬಡಾವಣೆಗೆ ಸಮೀಪದಲ್ಲಿಯೇ ಇರುವ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ಟ್ಯೂಬನ್ನು ಎಸೆಯದೆ ಚೀಲದಲ್ಲಿ ಹಾಕಿಕೊಂಡು ಹೋಗಿ. ಒಳಗೇನಿದೆ ಎಂದು ವೈದ್ಯರು ಓದಬೇಕಾಗುತ್ತದೆ. ಎಷ್ಟು ತಿಂಗಳಿನಿಂದ ಹಚ್ಚುತ್ತಿದ್ದೀರಿ, ಯಾರು ಹೇಳಿದರು ಎಂದೂ ಅವರು ಕೇಳುತ್ತಾರೆ. ಆ ಎರಡನೆಯ ಪ್ರಶ್ನೆಗೆ ಉತ್ತರಿಸಲು ಅವಳನ್ನು ಒಂಟಿಯಾಗಿ ಕಳುಹಿಸಬೇಡಿ.