ಪಡೆದವರ ಹೊಣೆ

ದಾನ ಕೊಟ್ಟವರ ಕಥೆಗಳಿಗೆ ನಮ್ಮಲ್ಲಿ ಬರವಿಲ್ಲ. ಶಿಬಿ ತೊಡೆಯ ಮಾಂಸ ಕೊಟ್ಟ, ಕರ್ಣ ಕವಚ ಕೊಟ್ಟ, ದಧೀಚಿ ಬೆನ್ನೆಲುಬನ್ನೇ ಕೊಟ್ಟ. ಪಡೆದ ಇಂದ್ರನಿಗೆ ಏನು ಹೊಣೆಯಿತ್ತು ಎಂದು ಕೇಳಿದವರು ಕಡಿಮೆ. ಮೂತ್ರಪಿಂಡದ ಕಸಿ ಈ ಪ್ರಶ್ನೆಯನ್ನು ನಮ್ಮ ಮನೆಗಳಿಗೇ ತಂದಿದೆ.

1954ರಲ್ಲಿ ಬಾಸ್ಟನ್ನಿನಲ್ಲಿ ಗೆದ್ದ ಕಸಿ ತದ್ರೂಪಿ ಅವಳಿಗಳ ನಡುವಿನದು. ದೇಹ ತಕರಾರು ಮಾಡಲಿಲ್ಲ. ಉಳಿದವರ ಪಾಡು ಬೇರೆ. ಹೆತ್ತ ತಾಯಿಯೇ ಕೊಟ್ಟರೂ ಮಗನ ದೇಹ ಅದನ್ನು ಪರಕೀಯವೆಂದೇ ಎಣಿಸುತ್ತದೆ. ಆ ವಿರೋಧ ತಗ್ಗಿಸಲು ಬಹುತೇಕರು ದಿನಕ್ಕೆರಡು ಹೊತ್ತು ಟ್ಯಾಕ್ರೊಲಿಮಸ್ ನುಂಗಬೇಕು. ರಕ್ತದಲ್ಲಿ ಅದು ಕಡಿಮೆಯಾದರೆ ದೇಹ ಕಸಿಯನ್ನು ತಿರಸ್ಕರಿಸಬಹುದು. ಹೆಚ್ಚಾದರೆ ಕೈನಡುಕ, ಸೋಂಕು, ಕೊನೆಗೆ ಉಳಿಸಬೇಕಾದ ಮೂತ್ರಪಿಂಡಕ್ಕೇ ಪೆಟ್ಟು. ಅದಕ್ಕಾಗಿ ರಾತ್ರಿಯ ಮಾತ್ರೆಗೆ 12 ಗಂಟೆಯಾದ ಮೇಲೆ, ಬೆಳಗಿನದನ್ನು ನುಂಗುವ ಮೊದಲು, ರಕ್ತಪರೀಕ್ಷೆ. ಹಲವರಿಗೆ ಗುರಿ ಮಿಲಿಲೀಟರಿಗೆ 5ರಿಂದ 10 ನ್ಯಾನೊಗ್ರಾಂ. ದೇವನಹಳ್ಳಿಯ ಚಕ್ಕೋತದ ನಾಲ್ಕು ತೊಳೆ ತಿಂದರೂ ಲೆಕ್ಕ ತಪ್ಪಬಹುದು.

‘ಈ ಸಲ ಪರೀಕ್ಷೆ ಬೇಡ’ ಎನ್ನುವ ಹಕ್ಕು ಪಡೆದವರಿಗಿದೆಯೆ? ‘ನನ್ನ ದೇಹ, ನನ್ನ ಇಷ್ಟ’ ಎಂಬುದು ನಾವು ನೆಲೆಸಿರುವ ಅಮೆರಿಕ ಕಲಿಸಿದ ಪಾಠ. ‘ಅಮ್ಮ ಕೊಟ್ಟದ್ದು’ ಎಂಬುದು ಬಿಟ್ಟುಬಂದ ಊರಿನದು. ನನಗೆ ಎರಡೂ ಅರ್ಧ ಸರಿ ಎನಿಸುತ್ತದೆ. ಕೊಟ್ಟ ಮೇಲೆ ಅದು ಪಡೆದವರದೇ. ತಾಯಿ ಪ್ರತಿ ವರದಿಯನ್ನೂ ಹಿಡಿದು ಲೆಕ್ಕ ಕೇಳತೊಡಗಿದರೆ ದಾನ ಸಾಲವಾಗುತ್ತದೆ. ಆದರೂ ಮತ್ತೊಬ್ಬರು ಮೈ ಕೊಯ್ಸಿಕೊಂಡು ಕೊಟ್ಟದ್ದನ್ನು, ಇಲ್ಲವೇ ಸತ್ತವರಿಂದ ಬಂದು, ಸರದಿಯಲ್ಲಿ ಕಾದಿದ್ದ ಇನ್ನೊಬ್ಬರಿಗೆ ಸಿಗದೆ ನಮಗೆ ಸಿಕ್ಕಿದ್ದನ್ನು ಉಡಾಫೆಯಿಂದ ಕಳೆಯುವುದು ಸ್ವಾತಂತ್ರ್ಯವಲ್ಲ. ಈ ಋಣ ತೀರುವಂಥದ್ದಲ್ಲ, ಕಾಯುವಂಥದ್ದು.

ಹಾಗೆಂದು ಆ ಅಂಕಿಯನ್ನು ಕೃತಜ್ಞತೆಯ ಅಂಕಪಟ್ಟಿ ಮಾಡಬಾರದು. ಎರಡು ದಿನ ಭೇದಿಯಾದರೂ ಅದು ಏರುತ್ತದೆ. ಎಲ್ಲ ನಿಯಮ ಪಾಲಿಸಿದವರ ಕಸಿಯೂ ಸೋಲುವುದುಂಟು. ದುಡ್ಡಿಲ್ಲದೆ ಮಾತ್ರೆಗಳನ್ನು ಎಳೆದಾಡಿಸಿದವರೂ ಇದ್ದಾರೆ. ಮೂತ್ರಪಿಂಡ ವೈಫಲ್ಯದ ಕಾರಣಕ್ಕಷ್ಟೇ ಮೆಡಿಕೇರ್ ಸಿಕ್ಕವರಿಗೆ ಕಸಿಯಾದ 36 ತಿಂಗಳಿಗೆ ಅದು ನಿಲ್ಲುತ್ತಿತ್ತು. ಬೇರೆ ವಿಮೆಯಿಲ್ಲದವರಿಗೆ ಈ ಔಷಧಗಳಿಗಷ್ಟೇ ನೆರವು ಮುಂದುವರಿಸುವ ವ್ಯವಸ್ಥೆ ಬಂದದ್ದು 2023ರಲ್ಲಿ. ಶಸ್ತ್ರಚಿಕಿತ್ಸೆಗೆ ಹಣ ಸುರಿದು ಮಾತ್ರೆಗೆ ಕೈ ಬಿಗಿಹಿಡಿದ ಸಮಾಜವೂ ಪಡೆದದ್ದನ್ನು ಕಾಯಲಿಲ್ಲ.

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೋಳು ಚಾಚುವುದು ಪಡೆದವರ ಪಾಲಿನ ಕೆಲಸ. ಆ ತೋಳಿನ ಹಿಂದೆ ಮಾತ್ರೆಯ ಡಬ್ಬಿ ಬರಿದಾಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರದು.