ದೆವ್ವಕ್ಕೊಂದು ಕ್ಯಾಪ್ಷನ್

ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ನಾನು ಆಸ್ಥಾನ ವಿದೂಷಕ. ಯಾರಾದರೂ ಒಂದು ಫೋಟೋ ಹಾಕಿದರೆ ಸಾಕು, ಎರಡು ನಿಮಿಷದಲ್ಲಿ ಅದರ ಮೇಲೊಂದು ಸಾಲು ಬರೆದು ಮೀಮ್ ಮಾಡಿ ವಾಪಸ್ ಹಾಕುತ್ತಿದ್ದೆ. ದಿನನಿತ್ಯದ ಭಯಗಳು ನನ್ನ ಸ್ಪೆಷಾಲಿಟಿ. ಶುಕ್ರವಾರ ಸಂಜೆ ಆರಕ್ಕೆ ಮ್ಯಾನೇಜರ್ ‘ಒಂದ್ನಿಮಿಷ ಮಾತಾಡೋಣ್ವಾ?’ ಅಂತ ಮೆಸೇಜ್ ಮಾಡುವುದು, ಮನೆ ಓನರ್ ಸುಮ್‌ಸುಮ್ನೆ ನಗುತ್ತಾ ಬಾಗಿಲಿಗೆ ಬರುವುದು, ಮದುವೆಮನೆಯಲ್ಲಿ ಗುರುತು ಸಿಗದ ಅತ್ತೆಯೊಬ್ಬರು ‘ನಾನ್ಯಾರು ಹೇಳು ನೋಡೋಣ’ ಅನ್ನುವುದು. ಇವಕ್ಕೆಲ್ಲ ಬರೆದಾಗ ಯಾರಿಗೂ ತೊಂದರೆ ಆಗಲಿಲ್ಲ. ಅಲ್ಲಿ ಹೆದರುವವನೂ ನಾನೇ, ನಗುವವನೂ ನಾನೇ.

ಆಮೇಲೆ ಅಮ್ಮನ ಫೋಟೋ ಬಂತು.

ಅಮ್ಮ ಇರುವುದು ಟೇಕಲ್‌ನಲ್ಲಿ. ಬೆಂಗಳೂರಿನಿಂದ ಬಂಗಾರಪೇಟೆ ಕಡೆಯ ರೈಲು ಹತ್ತಿದರೆ ಮಾಲೂರು ದಾಟಿದ ಮೇಲೆ ಬರುವ ಊರು. ಎಲ್ಲಿ ನೋಡಿದರೂ ಬಂಡೆ. ಅಪ್ಪ ಹೋದಮೇಲೆ ಅಮ್ಮ ಅಲ್ಲಿ ಒಬ್ಬಳೇ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಅವಳಿಗೆ ಕೈ ನಡುಗುತ್ತದೆ. ಹಬ್ಬಕ್ಕೆ ಹೋಗಿದ್ದ ಕಸಿನ್ ಒಬ್ಬ, ಅವಳು ರಿಂಗಾಗುತ್ತಿದ್ದ ಫೋನನ್ನು ಚೇಳಿನ ಹಾಗೆ ದೂರ ಹಿಡಿದು ನಿಂತಿದ್ದ ಫೋಟೋ ತೆಗೆದು ಗ್ರೂಪಿಗೆ ಹಾಕಿದ. ನಾನು ಬರೆದೆ: ‘ಎತ್ತಿದ್ರೆ ಅಕೌಂಟ್ ಖಾಲಿ, ಎತ್ತದಿದ್ರೆ ಮಗನ ಬೈಗುಳ.’ ಇಡೀ ಗ್ರೂಪು ಬಿದ್ದು ಬಿದ್ದು ನಕ್ಕಿತು. ಅಮ್ಮನೂ ಒಂದು ನಗುವ ಎಮೋಜಿ ಹಾಕಿದಳು. ಅದನ್ನೇ ನಾನು ಒಪ್ಪಿಗೆ ಅಂದುಕೊಂಡೆ.

ಎರಡು ತಿಂಗಳಾದ ಮೇಲೆ ಅವರೆಕಾಯಿ ಕಾಲದಲ್ಲಿ ಊರಿಗೆ ಹೋಗಿದ್ದೆ. ಕಾಳು ಹಿತಕುತ್ತಾ ಕೂತಿದ್ದಾಗ ಅಮ್ಮ ಮಾತಿನ ಮಧ್ಯೆ ಅಂದಳು, ‘ಆ ಪೊಲೀಸ್ನೋನು ಆಮೇಲೆ ಫೋನ್ ಮಾಡ್ಲೇ ಇಲ್ಲ.’ ಯಾವ ಪೊಲೀಸು? ಕೇಳುತ್ತಾ ಹೋದಂತೆ ಒಂದೊಂದೇ ಹೊರಗೆ ಬಂತು. ವಿಡಿಯೋ ಕಾಲ್ ಬಂದಿತ್ತಂತೆ. ಖಾಕಿ ಹಾಕಿದ್ದವನು ನಿನ್ನ ಆಧಾರ್ ನಂಬರ್ ಇರೋ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಕಾಲ್ ಕಟ್ ಮಾಡಿದರೆ ಅರೆಸ್ಟ್, ಯಾರಿಗೂ ಹೇಳಬೇಡ ಅಂದನಂತೆ. ಅಮ್ಮ ಬಾಗಿಲು ಹಾಕಿಕೊಂಡು ಎರಡು ಗಂಟೆ ಫೋನ್ ಮುಂದೆ ಕೂತಿದ್ದಳು. ಆ ಹೊತ್ತಿಗೆ ಕರೆಂಟ್ ಹೋಗಿತ್ತು, ಫೋನಿನ ಚಾರ್ಜೂ ಮುಗಿಯಿತು. ದುಡ್ಡು ಉಳಿದದ್ದು ಹಾಗೆ. ಅವತ್ತು ನಾನು ಮಾಡಿದ ಕಾಲ್ ಹೋಗದಿದ್ದಾಗ ‘ಚಾರ್ಜರ್ ಕೆಟ್ಟೋಗಿತ್ತು’ ಅಂತ ಮಾರನೇ ದಿನ ಹೇಳಿದ್ದಳು.

‘ನಂಗ್ಯಾಕಮ್ಮಾ ಹೇಳ್ಲಿಲ್ಲ?’

‘ಹೇಳಿದ್ರೆ ಅದಕ್ಕೂ ಏನಾದ್ರೂ ಬರ್ದು ಹಾಕ್ತಿದ್ದೆ ಕಣಪ್ಪ. ಎಲ್ರೂ ನಗೋರು.’

ಕೋಪ ಮಾಡಿಕೊಂಡು ಹೇಳಲಿಲ್ಲ. ರೈಲು ಲೇಟಾಯ್ತು ಅನ್ನುವಷ್ಟು ಸಲೀಸಾಗಿ ಹೇಳಿದಳು. ನನಗೆ ಮಾತ್ರ ಇವತ್ತಿಗೂ ಆ ಮಾತು ಜೀರ್ಣವಾಗಿಲ್ಲ.

ಈ ಮೋಸಕ್ಕೆ ಡಿಜಿಟಲ್ ಅರೆಸ್ಟ್ ಅನ್ನುತ್ತಾರೆ. ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ‘ಮನ್ ಕಿ ಬಾತ್’ನಲ್ಲಿ ಇದನ್ನು ಹೇಳಬೇಕಾಗಿ ಬಂತು. ಅದು ನಡೆಯುವುದೇ ಎರಡು ಷರತ್ತಿನ ಮೇಲೆ. ಈಗಲೇ ಮಾಡು, ಯಾರಿಗೂ ಹೇಳಬೇಡ. ಪಕ್ಕದಲ್ಲಿ ಒಬ್ಬರು ಕೂತು ‘ಅಯ್ಯೋ, ಇಡು ಫೋನು’ ಅಂದರೆ ಆಟ ಮುಗಿಯಿತು. ಅಮ್ಮನಿಗೆ ‘ಯಾರಿಗೂ ಹೇಳಬೇಡ’ ಅಂದವನು ಅವನೊಬ್ಬನೇ ಅಂತ ನಾನು ಬೈಯುವ ಹಾಗಿಲ್ಲ. ಅವನಿಗಿಂತ ಎರಡು ತಿಂಗಳು ಮುಂಚೆ, ನಗುನಗುತ್ತಾ, ನಾನೂ ಅದನ್ನೇ ಹೇಳಿದ್ದೆ.

ಹಾಗಾದರೆ ಭಯದ ಬಗ್ಗೆ ಜೋಕೇ ಮಾಡಬಾರದಾ? ನಗಬೇಕಾದರೆ ಹೃದಯ ಒಂದು ಗಳಿಗೆ ಮರಗಟ್ಟಬೇಕು ಅಂತ ಫ್ರಾನ್ಸಿನ ಬರ್ಗ್‌ಸನ್ 1900ರಲ್ಲೇ ಬರೆದಿದ್ದಾರೆ. ಅದೇ ಪೂರ್ತಿ ಸತ್ಯ ಅಂದುಕೊಂಡರೆ ನಾನು ಕ್ಯಾಪ್ಷನ್ ಬರೆಯುವುದನ್ನು ಬಿಟ್ಟೇಬಿಡಬೇಕು. ಆದರೆ ನಮ್ಮ ಕಡೆಯೇ ಒಂದು ಹಳೇ ಕ್ಯಾಪ್ಷನ್ ಇದೆಯಲ್ಲ: ‘ನಾಳೆ ಬಾ’.

1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಮುತ್ತಲ ಊರುಗಳಲ್ಲೂ ಒಂದು ಸುದ್ದಿ ಹಬ್ಬಿತ್ತು. ರಾತ್ರಿ ದೆವ್ವವೊಂದು ಮನೆಯವರ ದನಿಯಲ್ಲೇ ಕರೆದು ಬಾಗಿಲು ಬಡಿಯುತ್ತದೆ, ತೆಗೆದವರು ಸಾಯುತ್ತಾರೆ ಅಂತ. ಜನ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದರು. ದೆವ್ವ ಓದಿಕೊಂಡು ವಾಪಸ್ ಹೋಗಬೇಕು, ಮಾರನೇ ರಾತ್ರಿ ಬಂದರೆ ಮತ್ತೆ ಅದೇ ಬೋರ್ಡು. ಆಂಧ್ರದ ಕಡೆ ಇದೇ ಬರಹ ‘ಓ ಸ್ತ್ರೀ, ರೇಪು ರಾ’ ಆಗಿತ್ತು. 2018ರಲ್ಲಿ ‘ಸ್ತ್ರೀ’ ಸಿನಿಮಾ ಆಗಿ ಹಿಂದಿಗೂ ಹೋಯಿತು. ಮೀಮ್ ಅನ್ನುವ ಪದವನ್ನು ರಿಚರ್ಡ್ ಡಾಕಿನ್ಸ್ 1976ರಲ್ಲಿ ಸೃಷ್ಟಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಇಂಥದ್ದೇ: ತಲೆಯಿಂದ ತಲೆಗೆ ನಕಲಾಗುತ್ತಾ ಹೋಗುವ ಒಂದು ವಿಚಾರ. ಇದು ಬಾಗಿಲಿಂದ ಬಾಗಿಲಿಗೆ ಹೋಯಿತು.

ನಮ್ಮ ಮನೆ ಬಾಗಿಲ ಮೇಲೂ ಅಮ್ಮ ಸೀಮೆಸುಣ್ಣದಲ್ಲಿ ಬರೆದಿದ್ದಳಂತೆ. ತಾತ ನೋಡಿ, ‘ತೆಲುಗು ದೆವ್ವ ಬಂದ್ರೆ ಏನ್ ಮಾಡ್ತೀಯಮ್ಮ?’ ಅಂದರಂತೆ. ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವ ನಮ್ಮ ಸೀಮೆಯಲ್ಲಿ ಅದು ನ್ಯಾಯವಾದ ಪ್ರಶ್ನೆ. ಆಗ ಅಮ್ಮ ಜೋರಾಗಿ ನಕ್ಕಿದ್ದಳು. ನಗುತ್ತಲೇ ಕೆಳಗೆ ತೆಲುಗಿನಲ್ಲೂ ಬರೆಸಿದಳಂತೆ.

ತಾತನ ಜೋಕಿಗೂ ನನ್ನ ಜೋಕಿಗೂ ಇರುವ ವ್ಯತ್ಯಾಸ ನನಗೆ ಹೊಳೆಯಲು ಇಷ್ಟು ದಿನ ಬೇಕಾಯಿತು. ತಾತನ ಮಾತಿನಲ್ಲಿ ಪೇಚಿಗೆ ಬಿದ್ದದ್ದು ದೆವ್ವ. ‘ನಾಳೆ ಬಾ’ ಅನ್ನುವ ಸಾಲಿನ ಮುಖವೂ ಬೀದಿಯ ಕಡೆಗೇ ಇತ್ತು, ಒಳಗೆ ನಡುಗುತ್ತಾ ಕೂತವರ ಕಡೆಗಲ್ಲ. ಬೀದಿಯ ಬಾಗಿಲುಗಳ ಮೇಲೆಲ್ಲ ಅದೇ ಇದ್ದುದರಿಂದ ಹೆದರಿದವರು ಇಂಥವರೇ ಅಂತ ಬೆರಳು ತೋರಿಸುವ ಹಾಗೂ ಇರಲಿಲ್ಲ. ನಾನು ಮಾತ್ರ ದೆವ್ವವನ್ನು ಬಿಟ್ಟು ಅಮ್ಮನ ಮುಖದ ಮೇಲೆ ಬರೆದೆ.

ಅಮ್ಮನೂ ನಕ್ಕಳಲ್ಲ ಅಂತ ಸಮರ್ಥನೆ ಮಾಡಿಕೊಳ್ಳಬಹುದು. ಇಡೀ ಬಳಗ ನಗುತ್ತಿರುವಾಗ, ನಗಿಸುತ್ತಿರುವವನು ಮಗನೇ ಆಗಿರುವಾಗ, ಅವಳಿಗೆ ಬೇರೆ ದಾರಿ ಏನಿತ್ತು?

ಅವತ್ತು ಸಂಜೆ ಆ ಮೀಮನ್ನು ಗ್ರೂಪಿನಿಂದ ತೆಗೆಯಲು ಹೋದೆ, ಅಳಿಸುವ ಅವಧಿ ಮುಗಿದಿತ್ತು. ಇನ್ನೇನು ಮಾಡುವುದು ಅಂತ ಅಮ್ಮನಿಗೆ ಸೈಬರ್ ವಂಚನೆಯ ಸಹಾಯವಾಣಿ 1930 ಅಂತ ಹೇಳಿಕೊಟ್ಟೆ. ಕ್ಯಾಲೆಂಡರ್ ಮೇಲೆ ಬರೆದುಕೊಂಡಳು. ಆಮೇಲೆ ಪೆನ್ನಿನ ಕ್ಯಾಪ್ ಹಾಕುತ್ತಾ, ‘ಅವ್ನಿಗೂ ನಾಳೆ ಬಾ ಅಂದಿದ್ರೆ ಆಗೋಗಿರೋದು’ ಅಂದಳು.

ಹೌದಲ್ಲ, ‘ಈಗಲೇ’ ಅನ್ನುವವನನ್ನು ಒಂದು ದಿನ ಮುಂದೆ ಹಾಕಿದರೆ ಅವನ ಕಥೆ ಮುಗಿಯಿತು. ನಾನು ನಕ್ಕೆ. ಈ ಸಲ ಅಮ್ಮನೇ ಮೊದಲು ನಕ್ಕಿದ್ದಳು.